ಕಲ್ಲೆಬ್ಬಿಸಿದ ಜಾಗ

ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಬೇವಿನ ಗಿಡ, ಹುಣಸೀ ಗಿಡ, ಆಲದ ಗಿಡ. ಬ್ರಹ್ಮಪುರದ ನಮ್ಮ ಓಣಿಯ ತುದಿಗೆ, ನಾಲ್ಕು ಜನ ಕೈ ಚಾಚಿದರೂ ತಬ್ಬಲಾಗದ ಆಲವನ್ನೂ ನಾನು ಗಿಡವೆಂದೇ ಕರೆದು ಬೆಳೆದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 43, 44 ಡಿಗ್ರಿಗೆ ಏರಿದಾಗ ಶರಣಬಸವೇಶ್ವರರ ಗುಡಿಗೆ ಹೋಗಿಬರುವವರು ಅದರ ಕಟ್ಟೆಯ ಮೇಲೆ ಕುಂತು ದಣಿವಾರಿಸಿಕೊಂಡು ಮುಂದೆ ಹೋಗುತ್ತಿದ್ದರು.

ಕಾರಹುಣ್ಣಿಮೆಯ ಮುಂಜಾನೆ ಮಾತ್ರ ಆ ಗಿಡ ಹೆಂಗಸರದು. ಹಳ್ಳಿಗಳಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಹೊತ್ತಿಗೆ ಇಲ್ಲಿ ವಟಸಾವಿತ್ರಿ. ಹಸಿರು ಬಳೆಯ ಕೈಗಳು ಬಿಳಿ ನೂಲಿನ ಉಂಡೆ ಬಿಚ್ಚುತ್ತ ಬೊಡ್ಡೆಯನ್ನು ಸುತ್ತುತ್ತಿದ್ದವು. ವನಪರ್ವದ ಸಾವಿತ್ರಿ, ಸತ್ಯವಾನನಿಗೆ ಇನ್ನೊಂದೇ ವರ್ಷ ಆಯುಷ್ಯವೆಂದು ಗೊತ್ತಿದ್ದೂ ಅವನನ್ನೇ ವರಿಸಿದವಳು. ಅವಳು ಯಮನ ಬೆನ್ನು ಹತ್ತಿದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಆ ಒಂದು ವರ್ಷವೇ ದೊಡ್ಡದಾಗಿ ಕಾಣುತ್ತದೆ. ಒಳಗೊಳಗೇ ದಿನ ಎಣಿಸುತ್ತ, ಗಂಡನಿಗೆ ಸುಳಿವು ಕೊಡದೆ ಅತ್ತೆ ಮಾವಂದಿರ ಸೇವೆ ಮಾಡಿಕೊಂಡು ಬಾಳಿದ ವರ್ಷ.

ನಮ್ಮ ಆಯಿ, ಅಂದರೆ ಅಜ್ಜಿ, ಐವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ದಾರ ಸುತ್ತಿದಳು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಅಜ್ಜ, ನಮ್ಮ ಮುತ್ಯಾನಿಗೆ ಪೂಜೆಯ ಗೊಡವೆ ಇರಲಿಲ್ಲ, ಗಿಡದ ಚಿಂತೆ ಇತ್ತು. ಸುತ್ತಲೂ ಶಹಾಬಾದ ಕಲ್ಲು ಹಾಸಿದ ಮೇಲೆ ಬಿಳಲುಗಳಿಗೆ ಮಣ್ಣು ಸಿಗದಾಯಿತು. ತುದಿ ಒಣಗಿ ಕರ್ರಗಾಗುತ್ತಿದ್ದವು. ನಾವು ಹುಡುಗರು ಜೋತಾಡಿ ಹರಿಯುತ್ತಿದ್ದೆವು. ಒಂದು ಬೇಸಿಗೆಯ ಕೊನೆಗೆ ಮುತ್ಯಾ ಹಾರೆ ಹಾಕಿ ಎರಡು ಕಲ್ಲು ಎಬ್ಬಿಸಿದ. ಬೆರಳು ಗಾತ್ರದ ಒಂದು ಬಿಳಲಿಗೆ ಗೋಣಿತಟ್ಟು ಸುತ್ತಿ ನೆಲದ ಕಡೆ ಇಳಿಬಿಟ್ಟ. ಆಯಿ ದಿನಾ ಸಂಜೆ ಕೊಡ ತಂದು ತಟ್ಟು ತೋಯಿಸುತ್ತಿದ್ದಳು. ಎಬ್ಬಿಸಿದ ಕಲ್ಲುಗಳನ್ನು ಇಟ್ಟಿಗೆಯ ಮೇಲೆ ಜೋಡಿಸಿ ಎರಡು ಕೂಡುವ ಜಾಗ ಮಾಡಿದರು. ಮೂರನೆಯ ಮಳೆಗಾಲಕ್ಕೆ ಬಿಳಲು ಮಣ್ಣು ಹಿಡಿಯಿತು. ಮಣ್ಣು ಹಿಡಿದದ್ದೇ ತಡ, ದಪ್ಪಗಾಗತೊಡಗಿತು.

ಮುತ್ಯಾ ಹೋದ ಮರುವರ್ಷ ಕಾರಹುಣ್ಣಿಮೆಗೆ ಆಯಿಯನ್ನು ಯಾರೂ ಕರೆಯಲಿಲ್ಲ. ವ್ರತ ಮುತ್ತೈದೆಯರದು. ಅರ್ಧ ಶತಮಾನ ಸುತ್ತಿದ ಕಾಲುಗಳಿಗೆ ಒಮ್ಮೆಲೇ ಆ ಗಿಡ ದೂರವಾಗಬೇಕೆಂಬುದನ್ನು ನಾನು ಇವತ್ತಿಗೂ ಒಪ್ಪಲಾರೆ. ಆಲದ ಸ್ವಭಾವವೇ ಬೇರೆಯಿದೆ. ಕೋಲ್ಕತ್ತದ ಪಕ್ಕ, ಶಿಬ್‌ಪುರದ ಸಸ್ಯೋದ್ಯಾನದಲ್ಲಿ 250 ವರ್ಷಕ್ಕೂ ಹಳೆಯ ಆಲವೊಂದಿದೆ. ಅಣಬೆ ರೋಗ ತಗುಲಿ ಕೊಳೆತ ಅದರ ಮೂಲ ಬೊಡ್ಡೆಯನ್ನು 1925ರಲ್ಲೇ ಕಡಿದು ತೆಗೆದರು. ನಡುವೆ ಬೊಡ್ಡೆಯಿಲ್ಲ, ಆದರೂ ಸಾವಿರಾರು ಬಿಳಲುಗಳ ಮೇಲೆ ಮರ ಇನ್ನೂ ಹಬ್ಬುತ್ತಲೇ ಇದೆ.

ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕ, ಚಿಕ್ಕಯ್ಯರನ್ನು ನೆನೆಯದೆ ಈ ಮಾತು ಮುಂದೆ ಸಾಗದು. ಮಕ್ಕಳಿಲ್ಲದ ಆ ಕೂಲಿ ದಂಪತಿ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲ ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಆಮೇಲೆ 20. ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ ಸಾಕಿದರು. ಚಿಕ್ಕಯ್ಯ 1991ರಲ್ಲಿ ತೀರಿಹೋದರು. ತಿಮ್ಮಕ್ಕ 2025ರ ನವೆಂಬರಿನವರೆಗೂ ಇದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಆಕೆಗೆ ಗಂಡನ ನೆರಳು ಆ ಸಾಲಿನ ಕೆಳಗೇ ಸಿಕ್ಕಿರಬೇಕು. ಆ ನೆರಳಿನಿಂದ ಆಕೆಯನ್ನು ಯಾವ ಶಾಸ್ತ್ರ ಏಳಿಸೀತು?

ಆ ಕಾರಹುಣ್ಣಿಮೆಯ ಮಧ್ಯಾಹ್ನ ಎಲ್ಲರೂ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಆಯಿ ಕೊಡ ಎತ್ತಿಕೊಂಡಳು.

“ಆಯೀ, ಇಷ್ಟು ಬಿಸಿಲಾಗ ಎಲ್ಲಿಗಿ ಹೊಂಟಿ?”

“ದಾರ ಅವರು ಸುತ್ಯಾರ. ನೀರು ಯಾರು ಹಾಕ್ಯಾರ?”

ನಾನೂ ಹಿಂದೆ ಹೋದೆ. ಬೊಡ್ಡೆಯ ತುಂಬ ಹೊಸ ನೂಲು, ಅರಿಷಿಣ, ಕುಂಕುಮ. ಆಯಿ ಅತ್ತ ನೋಡಲಿಲ್ಲ. ಕಲ್ಲೆಬ್ಬಿಸಿದ ಜಾಗದಲ್ಲಿ, ಈಗ ನನ್ನ ತೊಡೆಯಷ್ಟಾಗಿದ್ದ ಬಿಳಲಿನ ಬುಡಕ್ಕೆ ನೀರು ಸುರಿದಳು. ಮಣ್ಣು ಕುಡಿದು ಮುಗಿಯುವ ತನಕ ನಿಂತಳು. ಆಮೇಲೆ ತನ್ನ ಕಲ್ಲಿನ ಮೇಲೆ ಕುಂತು, ಪಕ್ಕದ ಕಲ್ಲಿನ ಮೇಲೆ ಉದುರಿದ್ದ ಆಲದ ಹಣ್ಣುಗಳನ್ನು ಸೆರಗಿನಿಂದ ಝಾಡಿಸಿದಳು.