ತೊಡೆಯ ಮೇಲಿನ ಅಮಾನತು

ಪ್ರಯಾಣವು ಯಾತನೆಯ ಒಂದು ಭಾಗ, ಅದು ಮನುಷ್ಯನ ನಿದ್ರೆಗೂ ಅನ್ನಪಾನಕ್ಕೂ ಅಡ್ಡಿಯಾಗುತ್ತದೆ, ಆದ್ದರಿಂದ ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಬೇಗನೆ ಮರಳಬೇಕು ಎಂಬ ಅರ್ಥದ ಪ್ರವಾದಿವಚನವು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಒಂಟೆಗಳ ಕಾಲದಲ್ಲಿ ಹೇಳಲಾದ ಈ ಮಾತು ವಿಮಾನಗಳ ಕಾಲದಲ್ಲೂ ಹಳತಾಗಿಲ್ಲ. ಒಂದೆಡೆ ನಿಲ್ಲದ ಎಳೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ಹನ್ನೆರಡು ಗಂಟೆ ಹಾರಿದ ತಂದೆತಾಯಿಗಳಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಕಾರವಾರ ಮತ್ತು ಅಂಕೋಲೆಯ ನಮ್ಮ ಮನೆಗಳಿಗೆ ಈ ವಿಷಯ ಹೊಸದಲ್ಲ. ಹಿಂದಿನ ತಲೆಮಾರು ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಯಿತು. ಅಲ್ಲಿಂದ ಗೋವಾಕ್ಕೆ ಮೂರು ನಾಲ್ಕು ಗಂಟೆಯ ಹಾರಾಟ. ಈಗಿನವರು ಇನ್ನೂ ದೂರ ಹೋಗಿದ್ದಾರೆ. ನಾವು ನೆಲೆಸಿರುವುದು ಕೆನಡಾದ ಟೊರಾಂಟೊದಲ್ಲಿ. ಅಲ್ಲಿಂದ ಕೊಲ್ಲಿಯ ನಗರವೊಂದಕ್ಕೆ ಸುಮಾರು 12 ಗಂಟೆ, ಅಲ್ಲಿ ಕಾಯುವಿಕೆ, ಬಳಿಕ ಗೋವಾಕ್ಕೆ ಮತ್ತೊಂದು ವಿಮಾನ. ಅಂಕೋಲೆಯ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣದ ಯೋಜನೆಯಿದೆ. ಸದ್ಯಕ್ಕಂತೂ ನಮ್ಮವರು ಗೋವಾದಲ್ಲೋ ಮಂಗಳೂರಿನಲ್ಲೋ ಇಳಿದು ರಸ್ತೆ ಹಿಡಿಯಬೇಕು.

ಇಪ್ಪತ್ತು ತಿಂಗಳ ಮಗನೊಡನೆ ನಾವು ಊರಿಗೆ ಹೊರಟದ್ದಕ್ಕೆ ಒಂದು ಕಾರಣವಿತ್ತು. ಅವನ ದಾದಿ ಅವನನ್ನು ಒಮ್ಮೆಯೂ ನೋಡಿರಲಿಲ್ಲ. ದೂರದಲ್ಲಿರುವ ಎಷ್ಟೋ ಅಜ್ಜಿಯರು ಮೊಮ್ಮಕ್ಕಳನ್ನು ಫೋನಿನ ಪರದೆಯಲ್ಲಾದರೂ ನೋಡುತ್ತಾರೆ. ದಾದಿಯ ದೃಷ್ಟಿ ಮಂಜಾಗಿರುವುದರಿಂದ ಆ ಭಾಗ್ಯವೂ ಅವರಿಗಿರಲಿಲ್ಲ. ಅವರಿಗೆ ಮೊಮ್ಮಗನೆಂದರೆ ಒಂದು ಧ್ವನಿ ಮಾತ್ರ. ಮುಟ್ಟಿಯೇ ಅವರು ಅವನನ್ನು ಅರಿಯಬೇಕಿತ್ತು. ಅಪರಿಚಿತರ ಕೈಗೆ ಹೋಗಲು ಹೆದರುವ ವಯಸ್ಸಿನ ಮಗು ಅವರ ಕೈಗೆ ಹೋದೀತೇ ಎಂಬ ಚಿಂತೆ ನಮ್ಮನ್ನು ಕಾಡುತ್ತಿತ್ತು. ಹಾಗಾಗಿ ವಿಮಾನದ ಗಂಟೆಗಳನ್ನು ಹೇಗೋ ಕಳೆದುಬಿಡಬೇಕಾದ ಸಮಯವೆಂದು ನೋಡದೆ, ದಾದಿಯ ಮನೆಗೆ ಮಗುವನ್ನು ಸಿದ್ಧಗೊಳಿಸುವ ಅವಕಾಶವೆಂದು ನೋಡಲು ನಾವು ನಿಶ್ಚಯಿಸಿದೆವು.

ಹೊರಡುವ ಮುನ್ನ ನಮಗೆ ಬಂದ ಸಲಹೆಗಳಲ್ಲಿ ಎರಡು ಮತ್ತೆಮತ್ತೆ ಕೇಳಿಬಂದವು. ಮೊದಲನೆಯದು, ನಿದ್ರೆ ತರಿಸುವ ಶೀತದ ಔಷಧಿಯನ್ನು ಕುಡಿಸಿಬಿಡಿ ಎಂಬುದು. ಇದನ್ನು ಹಿತೈಷಿಗಳೇ ಹೇಳುತ್ತಾರೆ. ಆದರೆ ಕಾಯಿಲೆಯಿಲ್ಲದ ಮಗುವಿಗೆ ದೊಡ್ಡವರ ಅನುಕೂಲಕ್ಕಾಗಿ ಔಷಧಿ ಕೊಡುವುದನ್ನು ವೈದ್ಯರು ಒಪ್ಪುವುದಿಲ್ಲ. ಪ್ರಮಾಣ ಹೆಚ್ಚಾದರೆ ಅಪಾಯ, ಕೆಲವು ಮಕ್ಕಳಲ್ಲಂತೂ ಅದು ನಿದ್ರೆಯ ಬದಲು ಚಡಪಡಿಕೆಯನ್ನೇ ಹೆಚ್ಚಿಸುತ್ತದೆ. ಮಗು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟಿರುವ ಅಮಾನತು. ಅಮಾನತನ್ನು ಕಾಯುವವನು ತನ್ನ ದಣಿವಿಗಾಗಿ ಅದನ್ನು ಅಪಾಯಕ್ಕೆ ಒಡ್ಡಲಾರನು.

ಎರಡನೆಯ ಸಲಹೆ, ಫೋನು ಕೊಟ್ಟು ಸುಮ್ಮನಿರಿಸಿ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ವೀಕ್ಷಣೆ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಪ್ರಯಾಣದಲ್ಲಿ ಬೇರೆ ದಾರಿ ಕಾಣದೆ ಸ್ವಲ್ಪ ಹೊತ್ತು ಪರದೆ ತೋರಿಸಿದ ತಂದೆತಾಯಿಗಳನ್ನು ನಾವು ದೂರುವುದಿಲ್ಲ. ಪರದೆಯ ಮೂಲಕ ಬಂಧುಗಳನ್ನು ಪರಿಚಯಿಸಲಾಗದ ಮನೆಗೆ ನಾವು ಹೋಗುತ್ತಿದ್ದೆವು, ಆದ್ದರಿಂದ ನಮ್ಮ ಮಗುವಿನ ಕೈಗಳು ಬಿಡುವಾಗಿರಬೇಕೆಂದು ಬಯಸಿದೆವು.

ಮಗುವಿನ ಚಟುವಟಿಕೆಯನ್ನು ನಾವು ಬಹುಬೇಗ ತುಂಟತನವೆಂದು ಕರೆಯುತ್ತೇವೆ. ಓಡುವುದು, ಹತ್ತುವುದು, ಎಳೆಯುವುದು ಆ ವಯಸ್ಸಿನ ಪ್ರಕೃತಿ, ಅಲ್ಲಾಹನು ಅದರಲ್ಲಿಟ್ಟಿರುವ ಫಿತ್ರತ್. ಯೂಸುಫ್(ಅ)ರ ಸಹೋದರರು ಅವರನ್ನು ಕರೆದೊಯ್ಯಲು ತಂದೆಯ ಮುಂದಿಟ್ಟ ಕಾರಣ, ಅವನು ತಿಂದು ಆಡಿಕೊಂಡಿರಲಿ ಎಂಬುದಾಗಿತ್ತೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಯಾಕೂಬ್(ಅ)ರು ತಮ್ಮ ಭಯವನ್ನು ತಿಳಿಸಿದರೇ ಹೊರತು ಮಗುವಿಗೆ ಆಟವೇಕೆ ಎಂದು ಕೇಳಲಿಲ್ಲ. ಆಟವನ್ನು ನಿಲ್ಲಿಸಲು ಸೆಣಸುವ ಬದಲು ಒಂದು ಕುರ್ಚಿಯ ಜಾಗದಲ್ಲಿ ಹಿಡಿಸುವಷ್ಟು ಆಟವನ್ನು ಒದಗಿಸುವುದೇ ವಿಮಾನದಲ್ಲಿ ತಂದೆತಾಯಿಗಳ ಕೆಲಸ.

ನಾವು ಮಾಡಿದ್ದನ್ನು ಇತರರಿಗೆ ಉಪಯೋಗವಾದೀತೆಂಬ ಆಶಯದಿಂದ ಇಲ್ಲಿ ಹೇಳುತ್ತೇವೆ. ಒಂದು ಚೀಲದಲ್ಲಿ ಹತ್ತು ಹನ್ನೆರಡು ಸಣ್ಣ ಪೊಟ್ಟಣಗಳನ್ನು ಕಟ್ಟಿಕೊಂಡೆವು. ಮುಚ್ಚಳ ತಿರುಗಿಸುವ ಖಾಲಿ ಡಬ್ಬಿ, ಮರದ ಚಮಚ, ಬಣ್ಣದ ಅಂಟುಪಟ್ಟಿ, ಬಟ್ಟೆಯ ಪುಸ್ತಕ, ದಾದಿ ಹಿಂದೊಮ್ಮೆ ಕಳುಹಿಸಿದ್ದ ಹತ್ತಿಯ ದುಪಟ್ಟಾ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕುವ ಗಾತ್ರದ ಯಾವುದನ್ನೂ ಇಟ್ಟುಕೊಳ್ಳಲಿಲ್ಲ. ಎಲ್ಲವನ್ನೂ ಒಮ್ಮೆಲೇ ಹರಡಬಾರದು, ಒಂದರಲ್ಲಿ ಆಸಕ್ತಿ ತೀರಿದ ಮೇಲೆಯೇ ಇನ್ನೊಂದು ಹೊರಬರಬೇಕು. ಪೊಟ್ಟಣ ಬಿಚ್ಚುವುದೇ ಒಂದು ಆಟವಾಗುತ್ತದೆ. ಗಗನಸಖಿ ಕೊಟ್ಟ ನಾಲ್ಕು ಕಾಗದದ ಲೋಟಗಳು ಅಂಗಡಿಯ ಆಟಿಕೆಗಳಿಗಿಂತ ಹೆಚ್ಚು ಹೊತ್ತು ಅವನನ್ನು ಹಿಡಿದಿಟ್ಟವು. ಸೀಟ್ ಬೆಲ್ಟಿನ ದೀಪ ಆರಿದ್ದಾಗಲೆಲ್ಲ ನಮ್ಮಲ್ಲೊಬ್ಬರು ಅವನ ಬೆರಳು ಹಿಡಿದು ಸಾಲುಗಳ ನಡುವೆ ನಡೆಸಿದೆವು. ಕುಳಿತೇ ಇರಬೇಕಾದ ಹೊತ್ತಿಗೆ ಅವನ ಕಾಲುಗಳು ಅಷ್ಟರಮಟ್ಟಿಗೆ ದಣಿದಿರುತ್ತಿದ್ದವು.

ವಿಮಾನ ಏರುವಾಗಲೂ ಇಳಿಯುವಾಗಲೂ ಗಾಳಿಯ ಒತ್ತಡ ಬದಲಾಗಿ ಕಿವಿ ಬಿಗಿಯುತ್ತದೆ, ಇಳಿಯುವಾಗ ಹೆಚ್ಚು. ದೊಡ್ಡವರು ಆಕಳಿಸಿ, ನುಂಗಿ ಸರಿಪಡಿಸಿಕೊಳ್ಳುತ್ತಾರೆ. ಮಗುವಿಗೆ ಅದು ತಿಳಿಯದು, ಅಳುತ್ತದೆ. ಆ ಹೊತ್ತಿನಲ್ಲಿ ಎದೆಹಾಲು, ನೀರು, ಇಲ್ಲವೇ ಬೀಜ ತೆಗೆದು ಸಣ್ಣಗೆ ಹಿಚುಕಿದ ಖರ್ಜೂರ ಕೊಟ್ಟರೆ ನುಂಗುವಿಕೆಯಿಂದ ಕಿವಿ ಸಡಿಲವಾಗುತ್ತದೆ. ಸಹಾಬಿಗಳು ಪ್ರಯಾಣದಲ್ಲಿ ಏರುವಾಗ ತಕ್ಬೀರ್, ಇಳಿಯುವಾಗ ತಸ್ಬೀಹ್ ಹೇಳುತ್ತಿದ್ದರೆಂದು ಜಾಬಿರ್(ರ)ರಿಂದ ವರದಿಯಾಗಿದೆ. ನಾವು ಅದನ್ನು ಮಗುವಿನೊಂದಿಗೆ ಆಟದಂತೆ ಮಾಡಿದೆವು. ವಿಮಾನ ಮೇಲೇರುವಾಗ ಅವನ ಎರಡೂ ಕೈಗಳನ್ನು ಎತ್ತಿ ಅಲ್ಲಾಹು ಅಕ್ಬರ್ ಎಂದೆವು, ಇಳಿಯುವಾಗ ಕೈಗಳನ್ನು ನಿಧಾನವಾಗಿ ಇಳಿಸುತ್ತ ಸುಬ್‌ಹಾನಲ್ಲಾಹ್ ಎಂದೆವು. ಮರಳುವ ಪ್ರಯಾಣದ ಹೊತ್ತಿಗೆ ಅವನು ತಾನಾಗಿಯೇ ಕೈಯೆತ್ತಲು ಕಲಿತಿದ್ದನು. ರಾತ್ರಿಯಾದಾಗ ಮನೆಯಲ್ಲಿ ಮಲಗಿಸುವ ಕ್ರಮವನ್ನೇ ಅನುಸರಿಸಿದೆವು. ಅದೇ ಮಲಗುವ ಅಂಗಿ, ಅದೇ ಮೆಲುದನಿಯ ಆಯತುಲ್ ಕುರ್ಸಿ. ಜಾಗ ಬದಲಾದರೂ ಕಿವಿಗೆ ಬೀಳುವ ಧ್ವನಿ ಬದಲಾಗದಿದ್ದರೆ ಮಗುವಿಗೆ ಧೈರ್ಯ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಮಗು ಅಳುತ್ತದೆ. ನಮ್ಮವನು ಎಂಟನೆಯ ಗಂಟೆಯಲ್ಲಿ ಯಾವುದಕ್ಕೂ ಒಲಿಯದೆ ಬಹಳ ಹೊತ್ತು ಅತ್ತನು. ಅಂಥ ವೇಳೆ ತಂದೆತಾಯಿಗಳನ್ನು ಹೆಚ್ಚು ಬಾಧಿಸುವುದು ಅಳುವಿಗಿಂತಲೂ ಸುತ್ತಲಿನವರ ನೋಟ. ಜನರೇನೆಂದುಕೊಂಡಾರು ಎಂಬ ನಾಚಿಕೆಯೇ ಎಷ್ಟೋ ಸಲ ಕೈ ಎತ್ತಿಸುತ್ತದೆ, ಕಣ್ಣು ಕೆಂಪಾಗಿಸುತ್ತದೆ. ಪ್ರವಾದಿವರ್ಯ(ಸ)ರು ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತಿದ್ದರೂ ಮಗುವಿನ ಅಳು ಕೇಳಿದರೆ, ತಾಯಿಗಾಗುವ ಸಂಕಟವನ್ನು ನೆನೆದು ನಮಾಝನ್ನು ಹ್ರಸ್ವಗೊಳಿಸುತ್ತಿದ್ದರು. ಆ ಮಗುವನ್ನು ಹೊರಗೆ ಕರೆದೊಯ್ಯಿರೆಂದು ಅವರು ಹೇಳಲಿಲ್ಲ. ಜನರಲ್ಲಿ ಅತ್ಯಂತ ಶ್ರೇಷ್ಠರಾದವರು ತಾಯಿಯ ಪರವಾಗಿ ನಿಂತಿರುವಾಗ ಪಕ್ಕದ ಸಾಲಿನವರ ಹುಬ್ಬುಗಂಟಿಗೆ ನಾವು ಮಗುವನ್ನು ಬಲಿಕೊಡಬೇಕಾಗಿಲ್ಲ.

ಹಾಗೆಂದು ಸಹಪ್ರಯಾಣಿಕರ ಹಕ್ಕನ್ನು ಮರೆಯುವಂತಿಲ್ಲ. ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ಸದ್ವರ್ತನೆಗೆ ಅರ್ಹರಾದವರನ್ನು ಎಣಿಸುವಾಗ ಪಕ್ಕದ ಒಡನಾಡಿಯನ್ನೂ ಹೆಸರಿಸುತ್ತದೆ. ಪ್ರಯಾಣದ ಜೊತೆಗಾರನೂ ಇದರಲ್ಲಿ ಸೇರುತ್ತಾನೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಮುಂದಿನ ಸೀಟಿಗೆ ಮಗು ಒದೆಯದಂತೆ ಅದರ ಬೂಟು ಕಳಚಿ ಕಾಲುಗಳನ್ನು ನಮ್ಮ ತೊಡೆಯ ಮೇಲೆ ಅಡ್ಡ ಇರಿಸಿಕೊಳ್ಳುವುದು, ಸದ್ದು ಮಾಡುವ ಆಟಿಕೆ ತಾರದಿರುವುದು, ಕೊಳಕಾದ ಬಟ್ಟೆಯನ್ನು ಕೂಡಲೇ ಕಟ್ಟಿಡುವುದು ಈ ಹಕ್ಕಿನ ಭಾಗ. ಹತ್ತಿದ ಕೂಡಲೇ ನಾವು ಮುಂದಿನ ಸೀಟಿನ ಹಿರಿಯರಿಗೆ ವಂದಿಸಿ, ಮಗುವಿನಿಂದ ತೊಂದರೆಯಾದರೆ ಸಂಕೋಚಪಡದೆ ಹೇಳಿ ಎಂದಿದ್ದೆವು. ಅವರು ಏನೂ ಹೇಳಲಿಲ್ಲ. ನಡುರಾತ್ರಿ ಅವನು ಎರಡು ಸೀಟುಗಳ ಸಂದಿಯಿಂದ ಚಮಚವನ್ನು ತೂರಿಸಿದಾಗ ಅದನ್ನು ಅದೇ ಸಂದಿಯಿಂದ ಹಿಂದಿರುಗಿಸಿದರು. ಮತ್ತೆ ತೂರಿಸಿದನು, ಮತ್ತೆ ಹಿಂದಿರುಗಿತು. ಇಪ್ಪತ್ತು ಸಲವಾದರೂ ಹೀಗೆ ನಡೆದಿರಬೇಕು. ಹಾಲು ಬಿಟ್ಟ ವಯಸ್ಸಿನ ಪುಟ್ಟ ಅಬೂ ಉಮೈರ್‌ನೊಡನೆ ಅವನ ಹಕ್ಕಿಯ ಕುಶಲ ವಿಚಾರಿಸಿ ಮಾತಾಡುತ್ತಿದ್ದ ಪ್ರವಾದಿ(ಸ)ರ ಸುನ್ನತ್ ನಮಗೆ ನೆನಪಾಯಿತು. ಆ ಹಿರಿಯರ ಧರ್ಮ ಯಾವುದೆಂದು ನಾವು ಕೇಳಲಿಲ್ಲ, ಅವರಿಗಾಗಿ ದುಆ ಮಾಡಿದೆವು.

ನಮಾಝ್‌ನ ಪ್ರಶ್ನೆಯೂ ಇದೆ. ಮಗುವಿರುವಾಗ ಹೇಗೆ ಮಾಡುವುದು ಎಂದು ಹಲವರು ಹಿಂಜರಿಯುತ್ತಾರೆ. ಕರಾವಳಿಯ ಬಹಳಷ್ಟು ಮನೆಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಪ್ರಯಾಣಿಕನು ನಿಬಂಧನೆಗಳಿಗೊಳಪಟ್ಟು ಝುಹರ್ ಮತ್ತು ಅಸರನ್ನು, ಮಗ್ರಿಬ್ ಮತ್ತು ಇಶಾವನ್ನು ಒಟ್ಟುಗೂಡಿಸಬಹುದು, ನಾಲ್ಕು ರಕ್‌ಅತ್‌ಗಳನ್ನು ಎರಡಾಗಿ ಹ್ರಸ್ವಗೊಳಿಸಬಹುದು. ಒಬ್ಬರು ಮಗುವನ್ನು ಹಿಡಿದಿರುವಾಗ ಇನ್ನೊಬ್ಬರು ನಮಾಝ್ ಮಾಡಿದೆವು. ಪ್ರವಾದಿ(ಸ)ರು ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ್ದರು, ಸುಜೂದ್‌ಗೆ ಹೋಗುವಾಗ ಕೆಳಗಿರಿಸಿ, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಮಗು ಆರಾಧನೆಗೆ ಅಡ್ಡಿಯೆಂದು ಭಾವಿಸುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಇಡೀ ಪ್ರಯಾಣದಲ್ಲಿ ಮತ್ತೆಮತ್ತೆ ಆಡಿದ ಆಟ ಮಾತ್ರ ಬೆರಳುಗಳದ್ದು. ಅದನ್ನು ದಾದಿಯೇ ಫೋನಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಮಗುವಿನ ಒಂದೊಂದು ಬೆರಳನ್ನು ಮಡಚುತ್ತ ಮನೆಯವರ ಹೆಸರು ಹೇಳಬೇಕು. ಹೆಬ್ಬೆರಳು ದಾದಿ, ಮುಂದಿನದು ಚಾಚಾ, ನಡುವಿನದು ಚಾಚಿ, ಆಮೇಲಿನದು ಫೂಫಿ, ಕಿರುಬೆರಳು ಮನೆಯ ಬೆಕ್ಕು. ಕಿರುಬೆರಳು ಬಂದಾಗ ಅವನು ಮ್ಯಾಂವ್ ಎಂದು ನಗುತ್ತಿದ್ದನು. ಅದಕ್ಕೆ ಚೀಲ ಬೇಡ, ಬೆಳಕು ಬೇಡ, ಸೀಟಿನಿಂದ ಏಳಬೇಕಾಗಿಯೂ ಇಲ್ಲ.

ಗೋವಾದಲ್ಲಿ ಇಳಿದ ಮೇಲೂ ಕಾರಿನ ದಾರಿ ಉಳಿದಿತ್ತು. ಕಾಣಕೋಣ ದಾಟಿ, ಪೋಳೆಂ ಗಡಿ ಕಳೆದು ಮಾಜಾಳಿ ತಲುಪಿದಾಗ ಕಡಲತೀರದಲ್ಲಿ ಅರ್ಧ ಗಂಟೆ ಅವನನ್ನು ಓಡಲು ಬಿಟ್ಟೆವು. ಇಡೀ ಹಗಲು ರಾತ್ರಿ ಕಟ್ಟಿಹಾಕಿದಂತಿದ್ದ ಮಗುವನ್ನು ನೇರವಾಗಿ ಬಂಧುಗಳ ನಡುವೆ ಇಳಿಸಬಾರದು. ಬಳಿಕ ಸದಾಶಿವಗಡ, ಕಾಳಿ ಸೇತುವೆ, ಕಾರವಾರ, ಅವರ್ಸಾ, ಕೊನೆಗೆ ಅಂಕೋಲೆ.

ಮನೆಯಲ್ಲಿ ನಾವು ಹೆದರಿದಂತೆಯೇ ಆಯಿತು. ಅಷ್ಟು ಮುಖಗಳನ್ನು ಕಂಡು ಅವನು ತಾಯಿಯ ಹೆಗಲಲ್ಲಿ ಮುಖ ಹುದುಗಿಸಿದನು. ದಾದಿ ಅವನನ್ನು ಎಳೆದುಕೊಳ್ಳಲಿಲ್ಲ. “ಬಾ ಬೇಟಾ” ಎಂದು ಒಮ್ಮೆ ಕರೆದು ತಮ್ಮ ಅಂಗೈಯನ್ನು ಮುಂದೆ ಚಾಚಿ ಸುಮ್ಮನೆ ಕುಳಿತರು. ಬಹಳ ಹೊತ್ತಿನ ನಂತರ ಅವನು ಇಳಿದು ಹತ್ತಿರ ಹೋದನು, ಅವರ ಕಿರುಬೆರಳನ್ನು ಹಿಡಿದು ಮ್ಯಾಂವ್ ಎಂದನು. ಆಗ ಅವರು ಎರಡೂ ಕೈಗಳಿಂದ ಅವನ ತಲೆ, ಹಣೆ, ಕಿವಿಗಳನ್ನು ಸವರಿ, “ಇವನ ಕಿವಿ ದಾದಾನದೇ” ಎಂದರು. ಅಲ್‌ಹಮ್ದುಲಿಲ್ಲಾಹ್.

ಅಬಿಸೀನಿಯಾದ ವಲಸೆಯಿಂದ ಮರಳಿದ ಉಮ್ಮು ಖಾಲಿದ್(ರ) ಎಂಬ ಪುಟ್ಟ ಹುಡುಗಿಯ ವೃತ್ತಾಂತ ಬುಖಾರಿಯಲ್ಲಿದೆ. ಪ್ರವಾದಿ(ಸ)ರು ಅವಳ ಉಡುಪನ್ನು ಅಬಿಸೀನಿಯಾದ ಭಾಷೆಯ ಪದದಿಂದಲೇ ಚೆಂದವಿದೆಯೆಂದು ಹೊಗಳಿದರು. ಅವಳು ಅವರ ಬೆನ್ನಿನ ಮುದ್ರೆಯೊಡನೆ ಆಡತೊಡಗಿದಾಗ ತಂದೆ ಗದರಿದರು. ಪ್ರವಾದಿ(ಸ)ರು ಅವಳನ್ನು ಬಿಟ್ಟುಬಿಡಿ ಎಂದರು. ದೂರದೇಶದಲ್ಲಿ ಬೆಳೆದು ಬರುವ ಮಕ್ಕಳನ್ನು ಊರಿನವರು ಹೇಗೆ ಬರಮಾಡಿಕೊಳ್ಳಬೇಕೆಂಬುದಕ್ಕೆ ಇದು ಮಾದರಿ. ನಮ್ಮ ಭಾಷೆ ಬಾರದೇ, ನಮ್ಮ ರೀತಿ ತಿಳಿಯದೇ ಎಂದು ಮೊದಲ ದಿನವೇ ಪರೀಕ್ಷಿಸುವ ಬದಲು ಅವರಿಗೆ ತಿಳಿದ ಒಂದು ಮಾತಿನಿಂದ ಆರಂಭಿಸಿದರೆ ಸಾಕು.

ಊರಿನಿಂದ ಮೊದಲ ಬಾರಿ ಮಕ್ಕಳೊಂದಿಗೆ ಹಾರುವವರಿಗೆ ಒಂದು ಮಾತು. ಕಾರವಾರದ ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಬಳಿ, ನೌಕಾಪಡೆಯಿಂದ 2017ರಲ್ಲಿ ನಿವೃತ್ತವಾದ ಟುಪೊಲೆವ್ ವಿಮಾನವನ್ನು ಈಗ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಪ್ರಯಾಣಕ್ಕೆ ಮುಂಚೆ ಮಗುವನ್ನು ಅಲ್ಲಿಗೆ ಕರೆದೊಯ್ಯಿರಿ. ರೆಕ್ಕೆ, ಚಕ್ರ, ಬಾಲಗಳನ್ನು ತೋರಿಸಿರಿ. ಆಕಾಶದಲ್ಲಿ ಹಕ್ಕಿಗಳನ್ನು ಎತ್ತಿಹಿಡಿದಿರುವವನು ಕರುಣಾಮಯನೇ ಎಂದು ಕುರ್‌ಆನ್ ಹೇಳುವುದನ್ನು ಮಗುವಿನ ಭಾಷೆಯಲ್ಲಿ ತಿಳಿಸಿರಿ. ಹಿಂದಿರುಗುವ ವಾರ ನಾವೂ ಹಾಗೆ ಮಾಡಿದೆವು. ನಮ್ಮೊಂದಿಗೆ ದಾದಿಯೂ ಬಂದಿದ್ದರು, ಮೊಮ್ಮಗನ ಕೈ ಹಿಡಿದು.

ಓ ಅಲ್ಲಾಹ್, ಪ್ರಯಾಣದಲ್ಲಿರುವ ನಮ್ಮ ಮಕ್ಕಳನ್ನು ಕಾಪಾಡು. ಅವರನ್ನು ಹೊತ್ತವರಿಗೆ ಸಹನೆಯನ್ನೂ, ಪಕ್ಕದಲ್ಲಿ ಕುಳಿತವರಿಗೆ ಕರುಣೆಯನ್ನೂ, ದಾರಿ ಕಾಯುವ ಹಿರಿಯರಿಗೆ ಆಯುಷ್ಯವನ್ನೂ ನೀಡು. ಆಮೀನ್.