ರಾತ್ರಿಯೇ ಬೇಯಿಸಿಟ್ಟ ನವಣೆ

ಎಲ್ಲರಿಗೂ ಬಡಿಸಿ, ಡಬ್ಬಿ ಕಟ್ಟಿ ಕಳಿಸಿ, ಗಂಟೆ ಹನ್ನೊಂದಾದರೂ ನಿಮ್ಮ ತಿಂಡಿ ಆಗಿರುವುದಿಲ್ಲ, ಅಲ್ವೇ ಸೋದರಿ? ಸಕ್ಕರೆ ಕಾಯಿಲೆ ಬಂದ ಮೇಲೆ ನನಗದು ನಡೆಯದಾಯಿತು. ಮಾತ್ರೆ ನುಂಗಿ ಹಸಿದಿರುವಂತಿಲ್ಲ. ಅದಕ್ಕೇ ಈ ನವಣೆ ಕೋಸಂಬರಿ.

ಒಂದು ಲೋಟ ನವಣೆ ತೊಳೆದು ಅರ್ಧ ಗಂಟೆ ನೆನೆಸಿ, ಎರಡು ಲೋಟ ನೀರಿನಲ್ಲಿ ಬೇಯಿಸಿ. ಕುಕ್ಕರ್ ಬೇಡ, ಮುದ್ದೆಯಾಗುತ್ತೆ. ತಟ್ಟೆಗೆ ಹರಡಿ, ಚಮಚ ಕಡಲೆಕಾಯಿ ಎಣ್ಣೆ ಬೆರೆಸಿ, ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ಹೊರಗಿಟ್ಟರೆ ಹಳಸುತ್ತೆ.

ಬೆಳಿಗ್ಗೆ ಕಾಫಿಗೆ ನೀರಿಡುವಾಗಲೇ ಒಂದು ಹಿಡಿ ಹೆಸರುಬೇಳೆ ನೆನೆಹಾಕಿ. ನವಣೆಯ ಅಗುಳು ಗಟ್ಟಿಯಾಗಿರುತ್ತೆ, ಹೆದರಬೇಡಿ. ಎರಡು ಚಮಚ ಬಿಸಿನೀರು ಚಿಮುಕಿಸಿದರೆ ಮೆತ್ತಗಾಗುತ್ತೆ. ಬೇಳೆ ಬಸಿದು ಹಾಕಿ, ಜೊತೆಗೆ ಸೌತೆ, ಕ್ಯಾರೆಟ್, ತೆಂಗಿನತುರಿ, ಕೊತ್ತಂಬರಿ. ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ. ಉಪ್ಪು, ನಿಂಬೆರಸ ಮಾತ್ರ ತಿನ್ನುವ ಹೊತ್ತಿಗೇ. ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತೆ, ಗೊತ್ತಲ್ಲ! ಹಾಲು, ಮೊಸರು, ತುಪ್ಪ ಯಾವುದೂ ಬೇಡ.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಪೇಟೆಯಲ್ಲಿ ನವಣೆಗೆ ಮರ್ಯಾದೆ ಬಂತು. ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಅದೇನು ಹೊಸದಲ್ಲ ಬಿಡಿ. ಆದರೆ ನವಣೆಯೂ ಧಾನ್ಯವೇ. ನನ್ನಂಥವರಿಗೆ ಒಂದು ಸಣ್ಣ ಬಟ್ಟಲು ಸಾಕು, ಅದರಷ್ಟೇ ತರಕಾರಿ ಇರಲಿ.

ಮನೆಯವರು ಚಮಚ ಹಿಡಿದು ಬಂದರೆ ಕೊಡಿ, ಬೇಡವೆನ್ನಬೇಡಿ. ನಿಮ್ಮ ಬಟ್ಟಲು ಮಾತ್ರ ಮೊದಲೇ ತೆಗೆದಿಡಿ.