ಹಿತ್ತಲ ಕೊಬ್ಬರಿ

ಕಲಾ ವಿಭಾಗದ ನಾನು ಕಿಣ್ವವೊಂದರ ವಿಷಯವಾಗಿ ಬರೆಯಹೊರಟರೆ ವಿಜ್ಞಾನದ ಮಿತ್ರರು ನಗಬಹುದು. ಆದರೆ ಈ ಕಿಣ್ವಕ್ಕೂ ನಮ್ಮ ಮನೆಗೂ ಹಳೆಯ ಲೆಕ್ಕವೊಂದಿದೆ.

ನಮ್ಮದು ಹಳೇಬೀಡಿನ ಬಳಿಯ ಹಳ್ಳಿ. ಅಜ್ಜಿ ಹುಡುಗಿಯಾಗಿದ್ದಾಗ ಆಕೆಯ ತಮ್ಮನಿಗೆ ದೀಪ ಹಚ್ಚುವ ಹೊತ್ತಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಹಗಲು ಹೊಯ್ಸಳೇಶ್ವರ ಗುಡಿಯ ಗೋಡೆಯ ಆನೆಗಳನ್ನು ಎಣಿಸುತ್ತಿದ್ದವನು ಸಂಜೆ ಅಕ್ಕನ ಕೈ ಹಿಡಿದೇ ಮನೆಗೆ ಬರಬೇಕಿತ್ತು. ಊರವರು ದೇವರ ಮುನಿಸೆಂದರು. ಹಿರಿಯರು ಬೇಲೂರಿಗೆ ಹರಕೆ ಹೊತ್ತರು. ಕಡೆಗೆ ಅವನಿಗೆ ಹಗಲೂ ಇರುಳಾಯಿತು.

“ಸೊಪ್ಪು ತಿನ್ನಿಸಲಿಲ್ಲವೆ?” ಎಂದು ನಾನೊಮ್ಮೆ ಓದಿದವನ ಗತ್ತಿನಿಂದ ಕೇಳಿದೆ. “ಹೊನಗೊನ್ನೆ, ನುಗ್ಗೆ, ದಿನವೂ ಅದೇ ಕಣಪ್ಪಾ. ನೀರಲ್ಲಿ ಬೇಯಿಸಿ ಉಪ್ಪು ಹಾಕಿದರೆ ಮುಗಿಯಿತು” ಎಂದಳು.

ಒಗಟು ಬಿಡಿಸಿದ್ದು ಕಾಲೇಜಿನ ಪುಸ್ತಕ ಭಂಡಾರ. ಸೊಪ್ಪಿನಲ್ಲಿರುವುದು ‘ಎ’ ಜೀವಸತ್ವವಲ್ಲ, ಬೀಟಾ ಕ್ಯಾರೊಟೀನ್. ಅದು ದೇಹದಲ್ಲಿ ಜೀವಸತ್ವವಾಗುವುದನ್ನು 1930ರಲ್ಲಿ ಥಾಮಸ್ ಮೂರ್ ಇಲಿಗಳಲ್ಲಿ ತೋರಿಸಿದರು. ಸಣ್ಣ ಕರುಳಿನ ಗೋಡೆಯಲ್ಲಿರುವ ಕಿಣ್ವವೊಂದು ಕ್ಯಾರೊಟೀನಿನ ಅಣುವನ್ನು ಕತ್ತರಿಯಂತೆ ಸರಿಯಾಗಿ ನಡುವೆ ತುಂಡರಿಸುತ್ತದೆಂದು 1965ರಲ್ಲಿ ತಿಳಿಯಿತು. ಮಬ್ಬು ಬೆಳಕಿನಲ್ಲಿ ಕಾಣಲು ಕಣ್ಣಿಗೆ ಬೇಕಾದ ವಸ್ತು ಹುಟ್ಟುವುದು ಆ ತುಂಡಿನಿಂದ. ದೇಹಕ್ಕೆ ಸಾಕಾದಾಗ ಕತ್ತರಿಯೂ ನಿಧಾನಿಸುತ್ತದೆ; ಮನುಷ್ಯನಿಗಿಲ್ಲದ ಸಂಯಮ ಅದಕ್ಕಿದೆ!

ಆದರೆ ಕ್ಯಾರೊಟೀನ್ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ಊಟದಲ್ಲಿ ಚೂರು ಎಣ್ಣೆಯೂ ಇಲ್ಲದಿದ್ದರೆ ಅದು ಕತ್ತರಿಯ ಬಾಯಿಗೆ ತಲುಪುವುದೇ ಅಲ್ಪ. ಹಿತ್ತಲಲ್ಲಿ ತೆಂಗಿನ ಮರಗಳಿದ್ದವು. ಆದರೆ ಕೊಬ್ಬರಿಯೆಲ್ಲ ಸಾಲದ ಬಾಬ್ತು ಅರಸೀಕೆರೆಗೆ ಹೋಗುತ್ತಿತ್ತು. ಅದೊಂದೇ ಕಾರಣವೆನ್ನಲಾರೆ, ದಡಾರ, ಭೇದಿಗಳೂ ಈ ಜೀವಸತ್ವವನ್ನು ಸೂರೆ ಮಾಡುತ್ತವೆ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ದೇಶದಲ್ಲಿ ಆರಂಭವಾದದ್ದು 1970ರಲ್ಲಿ. ಅಜ್ಜಿಯ ತಮ್ಮನ ಪಾಲಿಗೆ ಅದು ತಡವಾಗಿತ್ತು.

ರಜೆಯಲ್ಲಿ ಊರಿಗೆ ಹೋದಾಗ, “ಅದು ದೇವರ ಮುನಿಸಲ್ಲಜ್ಜಿ” ಎಂದು ಎಲ್ಲವನ್ನೂ ವಿವರಿಸಿದೆ. ಆಕೆಗೆ ಸಮಾಧಾನವಾದೀತೆಂದು ನಂಬಿದ್ದೆ. ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಮದ್ದು ನಮ್ಮ ಹಿತ್ತಲಲ್ಲೇ ಇತ್ತಲ್ಲೋ” ಎಂದಳು.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯೆ ಬೆಳಕೆಂದು ಭಾಷಣಗಳಲ್ಲಿ ಕೇಳಿದ್ದೆ. ಅದು ಸುಡುವುದೆಂದು ಅಂದು ತಿಳಿಯಿತು. ಅಜ್ಜಿ ಮಾತ್ರ ಎದ್ದು ಹೋಗಿ, ನನ್ನ ತಟ್ಟೆಯ ಸೊಪ್ಪಿನ ಮೇಲೆ ಒಂದು ಚಮಚ ಎಣ್ಣೆ ಬಿಟ್ಟಳು. ಪಕ್ಕದ ಮನೆಯ ಸೊಸೆಗೂ ಹಾಗೆಯೇ ಮಾಡೆಂದು ಮರುದಿನ ಹೇಳುತ್ತಿದ್ದಳು.